ಓದದೆ ಮುಗಿದ ಕೈ

ಮೊದಲೇ ಹೇಳಿಬಿಡುತ್ತೇನೆ, ಆ ಕೆಲಸ ನಾನು ಮಾಡಲಿಲ್ಲ. ಮೊಬೈಲಿನಲ್ಲಿ ನನ್ನ ಹೆಸರಿನ ಪ್ರೊಫೈಲು ಬೇರೆ ಇರಲಿ, ತನ್ನ ಕೌದಿಗಳಿಗೊಂದು ಪೇಜು ಬೇರೆ ಇರಲಿ ಎಂದು ನನ್ನ ಅಕ್ಕ ಮೂರು ವರ್ಷ ಹೇಳಿದಳು. ದೀಪಾವಳಿಗೆ ಮಾಡಿಕೊಡುತ್ತೇನೆ ಅಂದೆ. ದೀಪಾವಳಿ ಮೂರು ಸಲ ಬಂದು ಹೋಯಿತು.

"ಅದನ್ನ ಮಾಡಾಕ ಎಷ್ಟೊತ್ತ ಬೇಕೋ ಬಸು?" ಎಂದು ಒಮ್ಮೆ ಕೇಳಿದಳು.

"ಹತ್ತ ಮಿನಿಟ, ಅಕ್ಕಾ."

"ಮೂರ ವರ್ಷದಾಗ ನಿನಗ ಹತ್ತ ಮಿನಿಟ ಸಿಗಲಿಲ್ಲ. ಭಾಳ ದೊಡ್ಡ ದರಬಾರ ನಡಸಾಕತ್ತಿ ನೋಡು."

ದರಬಾರೇನೂ ಇಲ್ಲ. ಮಿರಜ ಸ್ಟೇಶನ್ನಿನಿಂದ ಪೇಟೆಗೆ ಬರುವ ದಾರಿಯಲ್ಲಿ ನನ್ನದೊಂದು ಕಟ್‌ಪೀಸ್ ಬಟ್ಟೆಯ ಅಂಗಡಿ. ಅಸ್ತರು, ಗುಂಡಿ, ದಾರ, ಲಂಗಕ್ಕೆ ಕಟ್ಟುವ ನಾಡಿ. ಎದುರಿಗೆ ಗಾಜಿನ ಮೇಜು. ಆ ಗಾಜಿನ ಕೆಳಗೆ ಈಗ ಒಂದು ಹಸಿರು ಬಟ್ಟೆಯ ಚೂರಿದೆ. ಸಮೋಸದ ಹಾಗೆ ಮೂರು ಮೂಲೆ, ಅಂಗೈಗಿಂತ ಚಿಕ್ಕದು. ಗಿರಾಕಿಗಳು ಅದನ್ನು ನೋಡಿ, "ಈ ಬಣ್ಣದಾಗ ಅಸ್ತರ ಐತೇನ್ರಿ?" ಎಂದು ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಇದ್ದರೂ ಇಲ್ಲ ಅನ್ನುತ್ತೇನೆ. ಆ ಚೂರು ಅಲ್ಲಿಗೆ ಹೇಗೆ ಬಂತು ಎಂದು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ ತನಕ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ಬೇರೆ ತಪ್ಪು ತಿದ್ದುವುದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ.

ಅಕ್ಕನ ಹೆಸರು ಗಂಗವ್ವ. ಬುಧಗಾಂವದಲ್ಲಿ ಅವಳ ಮನೆ. ಮಂಗಳವಾರ, ಶುಕ್ರವಾರ ಬಸ್ಸು ಹಿಡಿದು ನನ್ನ ಅಂಗಡಿಗೆ ಬರುತ್ತಾಳೆ, ಬಗಲಲ್ಲಿ ಒಂದು ದೊಡ್ಡ ಗಂಟು. ಗಂಟಿನೊಳಗೆ ಕೌದಿ ಮತ್ತು ಕುಂಚಿಗೆ. ಕುಂಚಿಗೆ ಎಂದರೆ ಕೂಸಿನ ತಲೆಗೆ ಟೊಪ್ಪಿಗೆಯಾಗಿ ಬೆನ್ನ ಮೇಲೆ ಇಳಿಬೀಳುವ ಬಟ್ಟೆ. ವಿಜಯಪುರ, ಬಾಗಲಕೋಟೆ, ಅಥಣಿ ಕಡೆಯ ಮಂದಿ ಮಿರಜಿನ ದವಾಖಾನೆಗಳಿಗೆ ಬರುತ್ತಾರಲ್ಲ, ಅವರಲ್ಲಿ ಹೆರಿಗೆಗೆ ಬಂದವರ ತಾಯಂದಿರು ಕುಂಚಿಗೆ ಕಂಡರೆ ನಿಲ್ಲುತ್ತಾರೆ. ಈ ಮರಾಠಿ ಊರಲ್ಲಿ ಕನ್ನಡದಲ್ಲಿ ಮಾತಾಡಿದರೆ ಕುಂದರುತ್ತಾರೆ. ಕೌದಿಯ ಕತೆ ಬೇರೆ. ಅದಕ್ಕೆ ಹಳೇ ಸೀರೆ ಅವರೇ ತಂದುಕೊಡಬೇಕು. ಅವ್ವನ ಸೀರೆ, ಅಜ್ಜಿಯ ಸೀರೆ. ಅಕ್ಕ ಅದನ್ನು ಕತ್ತರಿಸಿ, ಹೊಂದಿಸಿ, ಪದರಿನ ಮೇಲೆ ಪದರು ಹಾಸಿ, ಕೈಯಲ್ಲೇ ಸಾಲುಹೊಲಿಗೆ ಹಾಕುತ್ತಾಳೆ.

ಅಕ್ಕನದೊಂದು ಪದ್ಧತಿ ಇದೆ. ಪ್ರತಿಯೊಂದು ಸೀರೆಯನ್ನೂ ಮಡಿಲಲ್ಲಿ ಇಟ್ಟುಕೊಂಡು, "ಇದು ಯಾವಾಗಿನದವ್ವಾ? ಇದಕ್ಕ ಕತ್ತರಿ ಹಚ್ಚಲ್ಯಾ?" ಎಂದು ಕೇಳುತ್ತಾಳೆ. ಹೂಂ ಅಂದ ಮೇಲೇ ಕತ್ತರಿ. ಯಾರಾದರೂ ಹೂಂ ಅನ್ನಲು ಒಂದು ಉಸಿರು ತಡ ಮಾಡಿದರೆ ಆ ಸೀರೆಯನ್ನು ಮಡಿಚಿ ವಾಪಸು ಕೊಡುತ್ತಾಳೆ. ಇನ್ನೊಂದು ಪದ್ಧತಿ, ಕೌದಿ ಮುಗಿಯುವಾಗ ಕಡೆಯ ಮೂಲೆಯನ್ನು ಹೊಲಿಯದೆ ಬಿಟ್ಟು, ಅದರೊಳಗೆ ಒಂದು ಚೂರು ಹೋಳಿಗೆಯನ್ನೋ ಬೆಲ್ಲವನ್ನೋ ಇಟ್ಟು ಆಮೇಲೆ ಬಾಯಿ ಮುಚ್ಚುತ್ತಾಳೆ. ಕೌದಿ ಹಸಿದಿರಬಾರದಂತೆ. "ಹಸದ ಕೌದಿ ಹೊಚ್ಚಕೊಂಡ ಕೂಸು ಬರೇ ಅಳತೈತಿ" ಅನ್ನುತ್ತಾಳೆ.

ಈಗ ನನ್ನ ಪ್ರೊಫೈಲಿನ ವಿಷಯಕ್ಕೆ ಬರುತ್ತೇನೆ. ಒಂದು ದಿನ ಅಕ್ಕನ ಕೌದಿಯೊಂದನ್ನು ಅಂಗಡಿಯ ಬಾಗಿಲಿಗೆ ತೂಗುಹಾಕಿ ಫೋಟೋ ತೆಗೆದು ನನ್ನ ಖಾತೆಯಲ್ಲಿ ಹಾಕಿದೆ. ಯಾರ್‍ಯಾರೋ ಅದನ್ನು ಮುಂದೆ ಕಳಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ಕೌದಿ ಬೇಕಾದವರೆಲ್ಲ ನನ್ನ ಹೆಸರನ್ನೇ ಹುಡುಕಿಕೊಂಡು ಬರತೊಡಗಿದರು. ಆದರೆ ನನ್ನ ಖಾತೆ ಎಂದರೆ ಏನು? ಸಾಂಗ್ಲಿ ಬಸ್‌ಸ್ಟ್ಯಾಂಡಿನ ಗೋಡೆ. ಮೊದಲಿಗೆ ನೂರಾರು ಮಂದಿಯ ಶುಭಮುಂಜಾನೆ, ಹೂವಿನ ಚಿತ್ರ. ಆಮೇಲೆ ಮುಂದಿನ ಚುನಾವಣೆಗೆ ನಿಲ್ಲುವ ಆಸೆಯಿರುವ ಎಲ್ಲರ ಹುಟ್ಟುಹಬ್ಬ. ಅರಿಷಿಣದ ದರ. ಕೃಷ್ಣಾ ನದಿಗೆ ನೀರು ಎಷ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಸತ್ತವರ ಫೋಟೋ. ನಮ್ಮ ಕಡೆ ಯಾರೇ ಹೋದರೂ ಗುಂಡನೆಯ ಚೌಕಟ್ಟಿನಲ್ಲಿ ಅವರ ಮುಖ ಹಾಕಿ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆಯದಿದ್ದರೆ ಹೋದವರು ಪೂರಾ ಹೋದಂತೆ ಆಗುವುದಿಲ್ಲ.

ಇದರ ನಡುವೆ ಅಕ್ಕನ ಕೌದಿ. ದಾದಾಸಾಹೇಬ ಎಂಬ ನಮ್ಮ ಓಣಿಯ ಹಿರಿಯರು ತೀರಿಕೊಂಡಾಗ ನಾನು ಫೋಟೋ ಹಾಕಿದರೆ, ಬೀಳಗಿಯ ಒಬ್ಬ ಹೆಣ್ಣುಮಗಳು ಅದರ ಕೆಳಗೆ, "ಸೈಜ್ ಎಷ್ಟರಿ? ತೊಳದ್ರ ಬಣ್ಣ ಹೋಗತೈತೇನು?" ಎಂದು ಕೇಳಿದಳು. ಕುಂಚಿಗೆಯ ಫೋಟೋ ಹಾಕಿದರೆ ಅದರ ಕೆಳಗೆ ನಮ್ಮ ಬಾಜೂ ಅಂಗಡಿಯವ, ಏನೂ ನೋಡದೆ, 'ಭಾವಪೂರ್ಣ ಶ್ರದ್ಧಾಂಜಲಿ' ಎಂದ. ಕುಂಚಿಗೆ ಕೊಳ್ಳಬೇಕೆಂದಿದ್ದ ಬಸುರಿ ಹುಡುಗಿಯ ಅತ್ತೆ ನನಗೆ ಫೋನು ಮಾಡಿ ಬೈದ ಬೈಗಳನ್ನು ನಾನಿಲ್ಲಿ ಬರೆಯಲಾರೆ. ನನ್ನ ಹೆಂಡತಿ ಸುರೇಖಾ ಮರಾಠಿ ಮನೆಮಾತಿನವಳು, ಕನ್ನಡ ಅರ್ಧ ತಿಳಿಯುತ್ತದೆ. ಅವಳಿಗೂ ಆ ಬೈಗಳೆಲ್ಲ ಪೂರಾ ತಿಳಿದವು.

ಆಗಲಾದರೂ ಹತ್ತು ನಿಮಿಷ ತೆಗೆದೆನೇ? ಇಲ್ಲ.

ಯಾಕೆ ತೆಗೆಯಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆಲಸ್ಯ ಅಂದರೆ ಅರ್ಧ ಸುಳ್ಳು. ಉಳಿದರ್ಧ ಹೇಳಲಿಕ್ಕೆ ನಾಚಿಕೆ. ಕೌದಿ ಹಾಕಿದಾಗ ನನ್ನ ಹೆಸರಿನ ಕೆಳಗೆ ಮಂದಿ ಹೆಬ್ಬೆರಳು ಎತ್ತುತ್ತಿದ್ದರು, ಹೃದಯ ಒತ್ತುತ್ತಿದ್ದರು. ಬರೀ ಅಸ್ತರು, ನಾಡಿ ಮಾರುವವನಿಗೆ ಯಾರು ಹೃದಯ ಒತ್ತುತ್ತಾರೆ? ಪೇಟೆಯಲ್ಲಿ ನನ್ನನ್ನು 'ಕೌದಿ ಬಸವರಾಜ' ಎಂದು ಕರೆಯತೊಡಗಿದರು. ಒಂದು ಮಂಡಳಿಯವರು ಸಭೆಗೆ ಕರೆದು, 'ಕೌದಿ ಕಲಾವಿದ' ಎಂದು ಹೇಳಿ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಸೂಜಿಗೆ ದಾರ ಪೋಣಿಸಲು ಬಾರದ ನಾನು ಶಾಲು ಹೊದ್ದುಕೊಂಡೆ. ಅಲ್ಲಿ ನಿಂತು, ಇದು ನಮ್ಮ ಅಕ್ಕನ ಕೆಲಸ ಎಂದು ಒಂದು ಮಾತು ಹೇಳಬಹುದಿತ್ತು. ಮೈಕು ಬೇಗ ಮುಂದಕ್ಕೆ ಹೋಯಿತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಮೈಕು ಹೋಗಿರಲಿಲ್ಲ. ಬಹಳ ಹೊತ್ತು ನನ್ನ ಮುಂದೆಯೇ ಇತ್ತು.

ಶುಕ್ರವಾರ ಅಕ್ಕ ಬಂದಾಗ ಆ ಶಾಲನ್ನು ಬೆರಳಿನಿಂದ ಹಿಡಿದು ತಿಕ್ಕಿ ನೋಡಿದಳು.

"ಬಟ್ಟಿ ಚಲೋ ಐತಿ," ಎಂದಳು. "ಕೌದಿಯ ಕೆಳಗಿನ ಪದರಿಗೆ ಆಗತೈತಿ."

ಅಷ್ಟೇ. ಶಾಲನ್ನು ಗಂಟಿನೊಳಗೆ ಹಾಕಿಕೊಂಡು ಹೋದಳು. ಯಾವ ಕೂಸಿನ ಬೆನ್ನ ಕೆಳಗೆ ನನ್ನ ಸನ್ಮಾನ ಬಿದ್ದಿದೆಯೋ ದೇವರೇ ಬಲ್ಲ. ಒಳ್ಳೆಯದೇ ಆಯಿತು.

ಅಕ್ಕನ ಜಾಗಕ್ಕೆ ನಾನು ಕಾಲು ಚಾಚುವುದು ಇಂದು ನಿನ್ನೆಯ ಮಾತಲ್ಲ. ಸಣ್ಣವರಿದ್ದಾಗ ನಮ್ಮಿಬ್ಬರಿಗೆ ಬರೆಯಲು ಒಂದೇ ಪಾಟಿ, ಸ್ಲೇಟು. ಕನ್ನಡ ಸಾಲೆಯಲ್ಲಿ ಅವಳ ವರ್ಗ ಮುಂಜಾನೆ, ನನ್ನದು ಮಧ್ಯಾಹ್ನ. ಅವಳು ಸಾಲೆಯಿಂದ ಬಂದು ಪಾಟಿಯನ್ನು ನನ್ನ ಚೀಲಕ್ಕೆ ಹಾಕಿದರೆ ನನ್ನ ಸಾಲೆ ಶುರು. ಪಾಟಿಗೆ ಎರಡು ಮಗ್ಗಲು ಇರುತ್ತವಲ್ಲ, ಒಂದು ಅವಳದು, ಒಂದು ನನ್ನದು. ಅವಳದರ ಚೌಕಟ್ಟಿನ ಮೇಲೆ ಮೊಳೆಯಿಂದ 'ಗಂ' ಎಂದು ಕೊರೆದಿದ್ದಳು. ಒಂದು ದಿನ ರಾತ್ರಿ ಅವಳು ಮನೆಪಾಠವನ್ನು, ಹದಿಮೂರರ ಮಗ್ಗಿ, ತುದಿತನಕ ಬರೆದಿಟ್ಟಿದ್ದಳು. ನನಗೆ ರೈಲು ಬರೆಯಬೇಕಾಗಿತ್ತು. ಮಿರಜಿನ ಹುಡುಗರಿಗೆ ರೈಲು ಬರೆಯದೆ ಇರಲಿಕ್ಕೆ ಆಗುವುದಿಲ್ಲ. ಎಂಜಿನ್ನು ನನ್ನ ಮಗ್ಗಲಲ್ಲಿ ಹಿಡಿಸಿತು, ಡಬ್ಬಿಗಳು ಹಿಡಿಸಲಿಲ್ಲ. ಪಾಟಿ ತಿರುಗಿಸಿದೆ, ಅಂಗಿಯ ತೋಳಿನಿಂದ ಮಗ್ಗಿ ಒರೆಸಿದೆ, ಡಬ್ಬಿಗಳನ್ನು ಬರೆದೆ.

ಮರುದಿನ ಸಾಲೆಯಲ್ಲಿ ಕಲಿಸುವ ಅಕ್ಕೋರು ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದರಂತೆ. "ಮಗ್ಗಿ ಬರಿ ಅಂದ್ರ ರೈಲ ಬರದಾಳ ನೋಡ್ರಿ" ಎಂದು ಇಡೀ ವರ್ಗವನ್ನು ನಗಿಸಿದರಂತೆ. ತಮ್ಮ ಬರೆದದ್ದು ಎಂದು ಅವಳು ಹೇಳಲಿಲ್ಲ. ಮನೆಗೆ ಬಂದು ನನಗೆ ಅಂದದ್ದು ಇಷ್ಟು: "ಗಾರ್ಡನ ಡಬ್ಬಿ ಬರಿಯೂದ ಮರತಿದ್ದೆಲ್ಲೋ, ಹುಚ್ಚ." ಆಗ ನನಗೆ ಗಾರ್ಡಿನ ಡಬ್ಬಿಯ ಬಗ್ಗೆ ಮಾತ್ರ ಬೇಸರವಾಯಿತು. ಈಗ ಬಾಗಿಲ ಹೊರಗಿನ ಅಕ್ಕನ ಬಗ್ಗೆ ಆಗುತ್ತದೆ. ನಲವತ್ತು ವರ್ಷ ತಡವಾಗಿ ಬರುವ ಬೇಸರ ಯಾರಿಗೆ ಬೇಕು?

ಹಸಿರು ಚೂರಿನ ಮಾತಿಗೆ ಬರುತ್ತೇನೆ. ಇಂಡಿ ಕಡೆಯ ಶೈಲಾ ಎಂಬ ಹೆಣ್ಣುಮಗಳು ನಮಗೆ ಗೊತ್ತಿದ್ದವಳು. ಅವಳ ಅವ್ವ ಕಣ್ಣು ತೋರಿಸಲು ಮಿರಜಿಗೆ ಬಂದಾಗೆಲ್ಲ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅಕ್ಕನ ಜೊತೆ ಮಾತಾಡುತ್ತಿದ್ದಳು. ಆ ಅವ್ವ ಹೋದ ವರ್ಷ ತೀರಿಕೊಂಡಳು. ಕೆಲ ತಿಂಗಳ ನಂತರ ಶೈಲಾ ಬಸುರಿಯಾಗಿ, ಹುಟ್ಟುವ ಕೂಸಿಗೆ ಕೌದಿ ಬೇಕೆಂದು ಅವ್ವನ ಐದು ಸೀರೆ ತಂದಳು. ಅಕ್ಕ ಒಂದೊಂದನ್ನೂ ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು. ಹಸಿರು ಇಳಕಲ್ ಸೀರೆಗೂ ಕೇಳಿದಳು. ಶೈಲಾ ತಡಮಾಡದೆ ಹೂಂ ಅಂದಳು. ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಮುಂದೆ ಒಂದು ದಿನ ಅಂಗಡಿಯಲ್ಲಿ ನೂಕುನುಗ್ಗಲು. ನಾಲ್ಕು ಮಂದಿಗೆ ಅಸ್ತರು ಹರಿದುಕೊಡುತ್ತಿದ್ದೇನೆ, ಮೊಬೈಲು ಗಾಜಿನ ಮೇಲೆ ಟಿಣ್ ಟಿಣ್ ಅನ್ನುತ್ತಲೇ ಇದೆ. ನನ್ನದೊಂದು ಚಟವಿದೆ, ಯಾವ ಸಂದೇಶ ಬಂದರೂ ಕೈ ಮುಗಿಯುವ ಚಿತ್ರ ಒತ್ತುವುದು. ಶುಭಮುಂಜಾನೆಗೆ ಕೈ ಮುಗಿ, ಹುಟ್ಟುಹಬ್ಬಕ್ಕೆ ಕೈ ಮುಗಿ, ಸಾವಿಗೆ ಕೈ ಮುಗಿ. ಅದೊಂದು ಚಿತ್ರ ಇದ್ದರೆ ಮನುಷ್ಯ ಓದುವುದೇ ಬೇಕಿಲ್ಲ. ಆವತ್ತು ಬಂದ ಸಂದೇಶವೊಂದರ ಮೊದಲ ಸಾಲು ಮಾತ್ರ ಕಂಡಿತು: 'ನಮಸ್ಕಾರ್ರಿ. ನಮ್ಮವ್ವ ತೀರಿಕೊಂಡು ಇವತ್ತಿಗೆ ಒಂದು ವರ್ಷ ಆತು...'

ನಾನು ಕೈ ಮುಗಿದೆ. ಅಸ್ತರು ಹರಿದೆ.

ಉಳಿದ ಸಾಲುಗಳನ್ನು ನಾನು ಓದಿದ್ದು ಒಂದೂವರೆ ತಿಂಗಳ ಮೇಲೆ. 'ಇವತ್ತು ಪೂಜಿ ಮಾಡುವಾಗ ಅವ್ವನ ತಂಗಿ, ನಮ್ಮ ಮಾವಶಿ, ಹೇಳಿದ್ಲು. ಆ ಹಸರ ಸೀರಿ ಅವ್ವ ತನ್ನ ಕುಬಸಕ್ಕ ಉಟ್ಟದ್ದಂತ. ನಾ ಹೊಟ್ಟ್ಯಾಗ ಇದ್ದಾಗ. ನನ್ನ ಕುಬಸಕ್ಕ ನಾನೂ ಅದನ್ನ ಉಡಬೇಕಂತ ಆಗೇತಿ. ದಯಮಾಡಿ ಅದೊಂದಕ್ಕ ಕತ್ತರಿ ಹಚ್ಚಬ್ಯಾಡ್ರಿ ಗಂಗಕ್ಕಾ.'

ಅದರ ಕೆಳಗೆ ನನ್ನ ಮುಗಿದ ಕೈ. ಯಾರೇ ನೋಡಿದರೂ ಏನನ್ನುತ್ತಾರೆ? ಆಯಿತವ್ವಾ, ಹಾಗೇ ಮಾಡುತ್ತೇನೆ ಅಂದಂತೆ. ಸಾವಿರ ಸಲ ಯಾವ ಅರ್ಥವೂ ಇಲ್ಲದೆ ಮುಗಿದ ಕೈಗೆ ಆವತ್ತೇ ಒಂದು ಅರ್ಥ ಬರಬೇಕೇ?

ಕುಬಸ ನಮ್ಮಲ್ಲಿ ಬಸುರಿಗೆ ಮಾಡುವ ಶಾಸ್ತ್ರ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುತ್ತಾರೆ. ಶೈಲಾಳ ಕುಬಸದ ಹಿಂದಿನ ವಾರ, ಒಂದು ಶುಕ್ರವಾರ, ಅವಳು ಆ ಹಸಿರು ಸೀರೆ ಒಯ್ಯಲು ಬಂದಳು. ಅಕ್ಕ ಅಂಗಡಿಯಲ್ಲೇ ಇದ್ದಳು. ಖುಷಿಯಿಂದ ಗಂಟು ಬಿಚ್ಚಿ ಕೌದಿ ಹಾಸಿದಳು. ಕಡೆಯ ಮೂಲೆಯೊಂದು ಬಾಕಿ, ಅಷ್ಟೇ. ಕೌದಿಯ ನಾಲ್ಕೂ ಅಂಚಿಗೆ ಹಸಿರು ಚೂರುಗಳು, ಮೂರು ಮೂಲೆಯವು, ಸಾಲಾಗಿ.

ಶೈಲಾ ನೋಡಿದಳು. ಒಂದು ಚೂರಿನ ಮೇಲೆ ಕೈಯಿಟ್ಟಳು.

"ಇದು ಹಸರ ಸೀರಿ ಏನ್ರಿ?"

"ಹೌದವಾ. ಎಷ್ಟ ಚಂದ ಕುಂತೈತಿ ನೋಡು."

"ಬ್ಯಾಡ ಅಂತ ಬರದಿದ್ನೆಲ್ಲರಿ ಗಂಗಕ್ಕಾ! ನೀವು ಹೂಂ ಅಂದ್ರಿ. ಕೈ ಮುಗದ್ರಿ." ಅವಳು ಮೊಬೈಲು ತೆಗೆದು ಅಕ್ಕನ ಮುಖದ ಮುಂದೆ ಹಿಡಿದಳು.

ಅಕ್ಕ ಓದಿದಳು. ನಿಧಾನ ಓದುತ್ತಾಳೆ, ತುಟಿ ಅಲ್ಲಾಡಿಸುತ್ತ. ತುದಿಗೆ ಬಂದು, ಆ ಮುಗಿದ ಕೈ ನೋಡಿ, ಮೇಲೆ ಬರೆದಿದ್ದ ನನ್ನ ಹೆಸರು ನೋಡಿ, ಆಮೇಲೆ ನನ್ನನ್ನು ನೋಡಿದಳು. ಒಂದೇ ಸಲ. ನಾನು ಗಜಕಡ್ಡಿ ಹಿಡಿದು, ಅಳೆದಿಟ್ಟ ಬಟ್ಟೆಯನ್ನೇ ಮತ್ತೆ ಅಳೆಯುತ್ತಿದ್ದೆ.

"ನಂದ ತಪ್ಪವಾ," ಎಂದಳು ಅಕ್ಕ. "ಓದಿದ್ದೆ. ಹೊಲಿಯೂ ಗದ್ದಲದಾಗ ಮರತಬಿಟ್ಟೆ."

ನಾನು ಎರಡೂವರೆ ಮೀಟರು ಅಳೆದೆ. ಮತ್ತೆ ಎರಡೂವರೆ ಮೀಟರು ಅಳೆದೆ.

"ಸೆರಗ ಹಂಗ ಐತಿ, ಕತ್ತರಿಸಿಲ್ಲ," ಎಂದು ಅಕ್ಕ ಅದನ್ನು ಗಂಟಿನಿಂದ ತೆಗೆದು ಹಿಡಿದು ಬೇಡಿಕೊಂಡಳು. "ಇಳಕಲ್ ಸೀರಿಗೆ ಸೆರಗ ಬ್ಯಾರೆ ಕೂಡಿಸಿರತಾರವಾ. ಹೊಸಾ ಹಸರ ಸೀರಿ ತಂದು ಅದಕ್ಕ ನಿಮ್ಮವ್ವನ ಸೆರಗ ಕೂಡಿಸಿ ಕೊಡತೇನಿ. ನಾಲ್ಕ ದಿವಸ ಕೊಡು. ಹೆಗಲ ಮ್ಯಾಲ ನಿಮ್ಮವ್ವಂದ ಇರತೈತಿ."

ಶೈಲಾ ಸೆರಗನ್ನು ಅಕ್ಕನ ಕೈಯಿಂದ ತೆಗೆದುಕೊಂಡಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚಲೋ ಇತ್ತು. "ಬ್ಯಾಡ್ರಿ," ಅಂದಳು. "ನಿಮ್ಮ ಕೈಯಾಗ ಇನ್ನೇನೂ ಕೊಡಂಗಿಲ್ಲ. ಆ ಕೌದಿನೂ ನನಗ ಬ್ಯಾಡ."

ಅಕ್ಕನ ಕೈಯ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. ಕೇಳದೆ ಕತ್ತರಿ ಹಚ್ಚದ ಕೈ ಅದು. ಮುಂದಿನ ವಾರ ಇಂಡಿ ಕಡೆಯ ಇನ್ನಿಬ್ಬರು ಬಂದು, ಏನೇನೋ ನೆಪ ಹೇಳಿ, ಕೊಟ್ಟ ಸೀರೆಗಳನ್ನು ವಾಪಸು ಒಯ್ದರು. ಅಕ್ಕ ಮಡಿಚಿ ಕೊಟ್ಟಳು. ಶೈಲಾಳ ಕೌದಿಯನ್ನು ಹಾಗೇ ಇಟ್ಟಳು, ಕಡೆಯ ಮೂಲೆ ಹೊಲಿಯದೆ. ಅಕ್ಕನ ಗಂಟಿನಿಂದ ಆ ಶುಕ್ರವಾರ ಒಂದು ಹಸಿರು ಚೂರು ನನ್ನ ಅಂಗಡಿಯಲ್ಲಿ ಬಿದ್ದಿತ್ತು. ಅದೇ ಈಗ ಗಾಜಿನ ಕೆಳಗಿದೆ.

ನನ್ನನ್ನು ಅಕ್ಕ ಬೈಯಲಿಲ್ಲ. ಒಂದೇ ಮಾತು ಅಂದಳು, ಅದೂ ಬಸ್ಸಿಗೆ ಹೊರಡುವಾಗ, ಚಪ್ಪಲಿ ಮೆಟ್ಟುತ್ತ: "ಪೇಜ ಮಾಡೂದ ಇನ್ನ ಬಿಡೋ ಬಸು. ಯಾರ ಹೆಸರಲೆ ಇದ್ರೇನು."

ಬೈದಿದ್ದರೆ ನಾನು ಇನ್ನೂ ಮೂರು ವರ್ಷ ತಳ್ಳುತ್ತಿದ್ದೆ. ಬಿಡು ಅಂದದ್ದಕ್ಕೆ ಮರುದಿನವೇ ಮಾಡಲು ಕುಳಿತೆ. ಶೈಲಾಳಿಗೆ ಫೋನು ಮಾಡುವ ಧೈರ್ಯವಿಲ್ಲ, ಅಕ್ಕನ ಮುಂದೆ ತಪ್ಪಾಯಿತು ಅನ್ನುವ ಧೈರ್ಯವಿಲ್ಲ, ಪೇಜು ಮಾಡುವ ಧೈರ್ಯ ಮಾತ್ರ ಬಂತು.

ಮತ್ತೆ ಆ ಹತ್ತು ನಿಮಿಷ ಎಂದು ಹೇಳಿದವನು ಯಾರು? ನಾನೇ. ಎರಡು ದಿನ ಹಿಡಿಯಿತು. ನೀವು ಯಾವ ವರ್ಗದ ವ್ಯಾಪಾರದವರು ಎಂದು ಮೊಬೈಲು ಕೇಳುತ್ತದೆ. ಕೌದಿ ಎಂದು ಬರೆದರೆ ಅಂಥದ್ದೇ ಇಲ್ಲ ಅನ್ನುತ್ತದೆ. ಹಾಸಿಗೆ ಅಂದರೆ ಗಾದಿಯ ಕಾರಖಾನೆಯೋ ಅನ್ನುತ್ತದೆ. ಕೂಸಿನ ಬಟ್ಟೆ ಅಂದರೆ ನಿಮ್ಮ ಕೂಸಿನ ಹುಟ್ಟಿದ ದಿನಾಂಕ ಹೇಳಿ ಅನ್ನುತ್ತದೆ. ಎಲ್ಲ ಮುಗಿದ ಮೇಲೆ, ಈಗ ನೀವು ಯಾರಾಗಿ ಮಾತಾಡುತ್ತಿದ್ದೀರಿ ಎಂದು ಕೇಳುತ್ತದೆ. ಬಸವರಾಜನಾಗಿಯೋ ಗಂಗಕ್ಕನ ಕೌದಿಯಾಗಿಯೋ? ಮೇಲೆ ಮೂಲೆಯಲ್ಲಿ ಸಣ್ಣ ಗುಂಡಗಿನ ಫೋಟೋ ಬದಲಾಗುತ್ತದಂತೆ, ಅದನ್ನು ನೋಡಿಕೊಂಡು ಬರೆಯಬೇಕಂತೆ. ನನ್ನ ಕಣ್ಣಿಗೆ ಎರಡೂ ಸಾಸಿವೆ ಕಾಳು.

ಪೇಜಿನ ಮುಖಕ್ಕೆ ಅಕ್ಕನ ಫೋಟೋ ಹಾಕಿದೆ. ಅವಳದು ಇದ್ದದ್ದು ಒಂದೇ, ರೇಶನ್ ಕಾರ್ಡಿಗೆ ತೆಗೆಸಿದ್ದು. ತಲೆ ಮೇಲೆ ಸೆರಗು, ಹಣೆಗೆ ವಿಭೂತಿ, ನಗು ಇಲ್ಲ. ಹೆಸರು 'ಗಂಗಕ್ಕನ ಕೌದಿ'. ಚೆನ್ನಾಗಿ ಕಂಡಿತು. ಸಮಡೋಳಿಯ ಕಾಕಾನಿಂದ ಹಿಡಿದು ಎಲ್ಲ ಬೀಗರು ಬಿಜ್ಜರಿಗೂ ಪೇಜು ನೋಡಿರೆಂದು ಕಳಿಸಿದೆ. ಮರುದಿನ ಮುಂಜಾನೆ ಅಂಗಡಿ ತೆರೆಯುವ ಹೊತ್ತಿಗೆ ನಮ್ಮ ಸಾಲೆಯ ಹಳೇ ಮಾಸ್ತರು ತೀರಿಕೊಂಡ ಸುದ್ದಿ ಬಂತು. ಎಲ್ಲರಿಗೂ ಗೊತ್ತಿರುವ ಸುದ್ದಿಗೆ ಹೆಸರು ಯಾಕೆಂದು, ಕರಿ ಬಣ್ಣದ ಮೇಲೆ ಬಿಳಿ ದಪ್ಪ ಅಕ್ಷರದಲ್ಲಿ, 'ಭಾವಪೂರ್ಣ ಶ್ರದ್ಧಾಂಜಲಿ. ಆತ್ಮಕ್ಕೆ ಶಾಂತಿ ಸಿಗಲಿ' ಎಂದು ಬರೆದು ಒತ್ತಿದೆ. ಬಸವರಾಜನಾಗಿ ಒತ್ತಿದೆ ಅಂದುಕೊಂಡೆ.

ಬಸವರಾಜನಾಗಿ ಒತ್ತಿರಲಿಲ್ಲ. ಅಕ್ಕನ ಗುಂಡನೆಯ ಫೋಟೋ, ನಗು ಇಲ್ಲದ್ದು, ಪಕ್ಕದಲ್ಲಿ ಅಕ್ಕನ ಹೆಸರು, ಕೆಳಗೆ ಆ ಅಕ್ಷರ.

ಒಂದು ತಾಸಿನೊಳಗೆ ಸುರೇಖಾ ಫೋನು ಮಾಡಿದಳು. "ಅಹೋ, ಕಾಯ ಕೇಲಂತ ಹೇ!" ಎಂದು ಮರಾಠಿಯಲ್ಲೇ ಚೀರಿದಳು, ಇದೇನು ಮಾಡಿಬಿಟ್ಟಿರಿ ಎಂದು. "ಸಮಡೋಳಿ ಕಾಕಾ ಹೂವಿನ ಮಾಲಿ ತಗೊಂಡು ಬುಧಗಾಂವಕ್ಕ ಹೋಗ್ಯಾರ!"

ಅಂಗಡಿ ಹಾಗೇ ಬಿಟ್ಟು ಮೋಟಾರಸೈಕಲ್ ಏರಿದೆ. ದಾರಿಯುದ್ದಕ್ಕೂ ಮೊಬೈಲನ್ನು ಬೈದೆ, ಅದನ್ನು ಕಂಡುಹಿಡಿದವನನ್ನು ಬೈದೆ, ಗುಂಡನೆಯ ಫೋಟೋಗಳನ್ನು ಬೈದೆ. ಬುಧಗಾಂವ ಬರುವ ಹೊತ್ತಿಗೆ ಬೈಯಲು ನಾನೊಬ್ಬನೇ ಉಳಿದಿದ್ದೆ.

ಅಕ್ಕನ ಮನೆಯ ಕಟ್ಟೆಯ ತುಂಬ ಮಂದಿ. ಅಳು ಕೇಳುತ್ತದೆ ಎಂದುಕೊಂಡಿದ್ದೆ, ನಗು ಕೇಳಿತು. ಒಳಗೆ ಸಮಡೋಳಿ ಕಾಕಾ, ಅವರ ಹೆಂಡತಿ, ಇನ್ನೂ ಐದಾರು ಜನ, ಎಲ್ಲರ ಕೈಯಲ್ಲೂ ಚಹಾ. ನಡುವೆ ಭಡಂಗದ ತಾಟು, ಖಾರ ಹಚ್ಚಿದ ಚುರಮುರಿ. ಕಾಕಾ ತಂದ ಮಾಲೆಯನ್ನು ಅಕ್ಕ ಬಾಗಿಲಿಗೆ ತೋರಣದ ಹಾಗೆ ಇಳಿಬಿಟ್ಟಿದ್ದಳು.

"ಬಾರೋ ಬಸ್ಯಾ," ಎಂದರು ಕಾಕಾ. "ಏನ ಹೇಳ್ಲಿ! ಬಾಗಲದಾಗ ಬಂದು ನಾ ಅಳಾಕ ಚಾಲೂ ಮಾಡೀನಿ, ಒಳಗಿಂದ ಈಕಿ ಸೂಜಿ ಹಿಡಕೊಂಡು ಬಂದು, 'ಕಾಕಾ, ಯಾರ ಹೋದ್ರೋ?' ಅಂತಾಳ. ನೀನ ಹೋದಿ ಅಂತ ಬಂದೇವಿ ಮಗಳ ಅಂದೆ. 'ಬಂದೀರಲಾ, ಚಾ ಕುಡದ ಹೋಗ್ರಿ' ಅಂದ್ಲು!"

ಎಲ್ಲರೂ ಮತ್ತೆ ನಕ್ಕರು. ಅಕ್ಕನೂ ನಕ್ಕಳು. ಅವಳ ಮಡಿಲಲ್ಲಿ ಶೈಲಾಳ ಕೌದಿ. ಕಡೆಯ ಮೂಲೆ ಇನ್ನೂ ಬಾಯಿ ತೆರೆದೇ ಇತ್ತು.

"ಆದ್ರ ಇಂಥಾ ಕಾರಭಾರ ಮಾಡಿದಾಂವ ಯಾರ?" ಕಾಕಾ ಚಹಾದ ಕಪ್ಪು ಕೆಳಗಿಟ್ಟು ಕೇಳಿದರು. "ಜೀವಂತ ಇದ್ದಾಕಿಗೆ ಶ್ರದ್ಧಾಂಜಲಿ?"

"ಯಾರೂ ಅಲ್ಲ ಕಾಕಾ," ಎಂದಳು ಅಕ್ಕ, ನನ್ನ ಕಡೆ ನೋಡದೆ. "ಬಸು ಚಲೋ ಮಾಡಿ ಕೊಟ್ಟಿದ್ದ. ನಾನ ಏನೋ ತಪ್ಪ ಒತ್ತಿದೆ. ನಂದ ತಪ್ಪ."

ಅವಳ ಹತ್ತಿರ ಅಂಥ ಮೊಬೈಲೇ ಇಲ್ಲ. ಗುಂಡಿ ಒತ್ತುವ ಹಳೇ ಡಬ್ಬಿ ಫೋನು ಇದೆ.

ಪಾಟಿಯ ಮೇಲಿನ ರೈಲು ನೆನಪಾಯಿತು ಎಂದು ಬರೆದರೆ ಚಂದ ಕಾಣುತ್ತದೇನೋ. ಆದರೆ ಆ ಹೊತ್ತಿನಲ್ಲಿ ಏನೂ ನೆನಪಾಗಲಿಲ್ಲ. ಸಿಟ್ಟು ಬಂತು. ಅಕ್ಕನ ಮೇಲೆಯೇ ಸಿಟ್ಟು ಬಂತು, ಎಷ್ಟು ಸಲ ಅನ್ನುತ್ತೀ ಇದನ್ನು ಎಂದು.

"ಸುಳ್ಳ ಹೇಳಬ್ಯಾಡ ಅಕ್ಕಾ!" ಎಂದೆ. ದನಿ ದೊಡ್ಡದಾಯಿತು. ಭಡಂಗ ಮುಕ್ಕುತ್ತಿದ್ದವರು ಬಾಯಿ ನಿಲ್ಲಿಸಿದರು. "ಒತ್ತಿದಾಂವ ನಾನು. ಇದನ್ನೂ ನಾನ, ಅದನ್ನೂ ನಾನ. ಶೈಲಾಗ ಕೈ ಮುಗದಾಂವ ನಾನು."

ಕಾಕಾನಿಗೆ ಶೈಲಾ ಯಾರೆಂದೇ ಗೊತ್ತಿಲ್ಲ. ಅವರು ನನ್ನ ಮುಖ, ಅಕ್ಕನ ಮುಖ ನೋಡಿದರು. ಅಕ್ಕ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

"ನನಗ ಗೊತ್ತೈತಿ," ಎಂದಳು. "ಇವರಿಗೆ ಹೇಳಿ ಏನ ಮಾಡ್ತಿ? ಇವರ ಸೀರಿ ಕತ್ತರಿಸಿಲ್ಲ ನಾನು."

ಮೂಲೆಯಲ್ಲಿದ್ದ ಡಬ್ಬಿ ಫೋನು ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಂಕಿ ಒತ್ತಿದಳು. ಆ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಎಷ್ಟು ಸಲ ಒತ್ತಲು ಹೋಗಿ ಬಿಟ್ಟಿದ್ದಳೋ. ಆ ಕಡೆ ರಿಂಗಾಗುವುದು ನಮಗೆಲ್ಲ ಕೇಳುತ್ತಿತ್ತು. ಫೋನನ್ನು ನನ್ನ ಕೈಗೆ ಕೊಟ್ಟಳು. ಅದಕ್ಕೆ ಮುಗಿಯುವ ಕೈಯ ಚಿತ್ರ ಇಲ್ಲ. ಬಾಯಿಯಿಂದಲೇ ಹೇಳಬೇಕು.

"ಯಾರ್ರಿ?" ಎಂದಿತು ಶೈಲಾಳ ದನಿ.

"ತಂಗೀ, ಇಡಬ್ಯಾಡ, ಇಷ್ಟ ಕೇಳು. ನಾ ಮಿರಜದ ಬಸವರಾಜ, ಗಂಗಕ್ಕನ ತಮ್ಮ. ನೀ ಬರದದ್ದು ಅಕ್ಕಗ ಮುಟ್ಟೇ ಇಲ್ಲ. ಅದು ನನ್ನ ಖಾತೆ. ಆ ಕೈ ನನ್ನವು, ಓದಲಾರದ ಮುಗದೆ. ಆವತ್ತ ಅಂಗಡ್ಯಾಗ ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅಕ್ಕ ನನ್ನ ಸಲುವಾಗಿ ಸುಳ್ಳ ಹೇಳಿದ್ಲು. ಕೇಳಲಾರದ ಕತ್ತರಿ ಹಚ್ಚೂ ಕೈ ಅಲ್ಲವಾ ಆಕೀದು. ನಿಮ್ಮವ್ವನ ಸೀರಿ ಹಾಳ ಮಾಡಿದಾಂವ ನಾನು. ತಪ್ಪಾತವಾ." ಆ ಕಡೆ ಅವಳಿನ್ನೂ ಫೋನು ಇಟ್ಟಿರಲಿಲ್ಲ. ನಾನು ಅದನ್ನು ಕಿವಿಗೇ ಹಿಡಿದುಕೊಂಡು ಅಕ್ಕನ ಕಡೆ ತಿರುಗಿದೆ. "ನಿನಗೂ, ಅಕ್ಕಾ. ತಪ್ಪಾತು."